ನನ್ನದೇ ತರಹದ ಹೊಸ ವಾಚು

ಔರಂಗಾಬಾದಿನ ಹತ್ತಿರದ ವೇರೂಳಿನ ಶಿವನ ಗುಡಿಯಿಂದ ಹೆಂಡತಿಯ ಜೊತೆ ಹೊರಗೆ ಬಂದರೆ, ಯಾರೋ ಒಬ್ಬರು ನನ್ನ ವಾಚನ್ನು ತಮ್ಮ ಕೈಗೆ ಕಟ್ಟಿಕೊಳ್ಳುತ್ತಿದ್ದರು! ಅಲ್ಲಿ ಗಂಡಸರು ಬರಿಮೈಯಲ್ಲೇ ಒಳಗೆ ಹೋಗಬೇಕು, ಚರ್ಮದ ವಸ್ತು ಒಯ್ಯುವಂತಿಲ್ಲ. ಅದಕ್ಕೇ ಮದುವೆಯಲ್ಲಿ ಮಾವನವರು ಕಟ್ಟಿದ, ದಿನಾ ಚಾವಿ ಕೊಡಬೇಕಾದ ಚರ್ಮದ ಪಟ್ಟಿಯ ವಾಚನ್ನು ಅಂಗಿಯ ಜೊತೆ ಕಟ್ಟೆಯ ಮೇಲೆ ಬಿಟ್ಟು ಹೋಗಿದ್ದೆ.

"ಏ, ಅದು ನಂದು!" ಎಂದು ಅವರ ಕೈ ಹಿಡಿದೆ. ಸಿಟ್ಟಿನಲ್ಲಿ ಕನ್ನಡವೇ ಬಂತು.

"ತಪ್ಪು ತಿಳೀಬ್ಯಾಡ್ರಿ, ನಂದೂ ಹಿಂಗೇ ಅದ," ಎಂದು ಅವರೂ ಕನ್ನಡದಲ್ಲೇ ಹೇಳಿ, ಪಕ್ಕದಲ್ಲಿದ್ದ ತಮ್ಮ ಅಂಗಿಯ ಜೇಬಿನಿಂದ ಇನ್ನೊಂದು ವಾಚು ತೆಗೆದರು. ಅದೇ ಬಿಳಿ ಮುಖ, ಅವೇ ಮುಳ್ಳುಗಳು! ಅವರು ಕಲಬುರಗಿಯವರು, ಔರಂಗಾಬಾದಿನಲ್ಲಿ ಬ್ಯಾಂಕ್ ಅಧಿಕಾರಿ. ಹಳೆಯ ಮಾದರಿಯನ್ನೇ ಕಂಪನಿ ಈಗ ಮತ್ತೆ ಮಾಡುತ್ತಿದೆಯಂತೆ. ಹಳೆ ವಾಚುಗಳ ಹವ್ಯಾಸಿಗಳು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರಂತೆ. ಈ ಅಧಿಕಾರಿ ಮಾತ್ರ, ತಮ್ಮ ತಂದೆಯ ಕಳೆದುಹೋದ ವಾಚು ಅದೇ ಮಾದರಿಯದಾಗಿತ್ತೆಂದು ಪರದೇಶದಿಂದ ತರಿಸಿದ್ದರು.

ನನ್ನ ವಾಚನ್ನು ಕಿವಿಗೆ ಹಿಡಿದು ಆಲಿಸಿದರು. "ನಿಮ್ಮದರಾಗ ಅಪ್ಪನ ವಾಚಿನ ಸಪ್ಪಳ ಅದರಿ. ಹೊಸಾದು ನೀವು ತಗೊಂಡು, ಇದನ್ನ ನನಗ ಕೊಡ್ತೀರೇನು?"

ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಅಪ್ಪ ಕೊಟ್ಟದ್ದಲ್ಲವೇ!

"ಅದೊಂದು ಆಗೂದಿಲ್ರಿ ಸಾಹೇಬ್ರ. ಇವತ್ತಿನ ಚಾವಿ ಬೇಕಾದ್ರ ನೀವು ಕೊಡ್ರಿ," ಎಂದೆ. ಅವರು ಕಣ್ಣು ಮುಚ್ಚಿ, ನಿಧಾನವಾಗಿ ಚಾವಿ ತಿರುಗಿಸಿದರು.

ಸಾತಪುರದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಎಲ್ಲರ ಕೈಯಲ್ಲೂ ಸೆಲ್ಲಿನ ವಾಚು. ನಾನು ಚಾವಿ ತಿರುಗಿಸುವುದನ್ನು ನೋಡಿ ನಗುತ್ತಾರೆಂದು ಮನೆಯಲ್ಲೇ ಚಾವಿ ಕೊಟ್ಟು ಬರುತ್ತಿದ್ದೆ. ಈಗ ಕಾರ್ಖಾನೆಯಲ್ಲೇ, ಅವರೆಲ್ಲರ ಎದುರಿಗೇ ನಿಂತು ಕೊಡುತ್ತೇನೆ.