ಅರ್ಧ ಇಟ್ಟಿಗೆಯ ಗೋಡೆ

ಕೆಂಡದಕ್ಕನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇರುವಾಗ ಅವಳೊಂದಿಗೆ ಯಾರೂ ಚೌಕಾಸಿಗೆ ಇಳಿಯುತ್ತಿರಲಿಲ್ಲ. ಪೆಟ್ಟಿಗೆಯೊಳಗೂ ಕೆಂಡ, ಬಾಯೊಳಗೂ ಕೆಂಡ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಉದ್ದನೆಯ ಮೇಜು, ಅದರ ಮೇಲೆ ಮಡಚಿ ಹಾಸಿದ ಹಳೇ ಕಂಬಳಿ, ಪಕ್ಕದಲ್ಲಿ ನೀರು ಚಿಮುಕಿಸುವ ತಂಬಿಗೆ, ಮೂಲೆಯಲ್ಲಿ ಇದ್ದಿಲ ಚೀಲ. ಮೇಜು ನಡುಗೋಡೆಗೆ ಆತುಕೊಂಡಿತ್ತು. ಗೋಡೆಯ ಆಚೆ ಗಂಡನ ತಂಗಿ, ಹಾಸಿಗೆ ದಿಂಬು ಹೊಲಿಯುವ ನಾದಿನಿ. ಮಾವ ಸಾಯುವ ಮುಂಚೆ ಮನೆಯಲ್ಲಿ ಮಗನಿಗೊಂದು ಪಾಲು, ಮಗಳಿಗೊಂದು ಪಾಲು ಮಾಡಿ, ಗೋಡೆಯನ್ನು ಮಾತ್ರ ಇಬ್ಬರಿಗೂ ಬಿಟ್ಟು ಹೋಗಿದ್ದ. ಹಾವನ್ನು ಬಿಟ್ಟು ಹೋಗಿದ್ದರೆ ಇಬ್ಬರಲ್ಲಿ ಒಬ್ಬರಾದರೂ ಹೊಡೆದು ಹಾಕುತ್ತಿದ್ದರು.

ಜಗಳ ಹುಟ್ಟಿದ್ದು ಒಂದು ಅಂಗಿಯಿಂದ. ಬೆನ್ನ ಮೇಲೆ ಸುಟ್ಟ ಕಲೆಯಿದ್ದ ಅಂಗಿಯನ್ನು ಕೆಂಡದಕ್ಕ ಉಪಾಯವಾಗಿ ಮಡಚಿ ಗಿರಾಕಿಯ ಕೈಗಿಡುವಾಗ, ಹೊಸ್ತಿಲಲ್ಲಿ ನಿಂತಿದ್ದ ನಾದಿನಿ ಬಾಯಿ ಬಿಟ್ಟಳು.

"ಸುಟ್ಟಿದ್ದನ್ನ ಒಳಗೆ ಹಾಕಿ ಮಡಚಿದ್ದೀರಲ್ಲ ಅತ್ತಿಗೆ, ಭಾರೀ ಜಾಣೆ ಬಿಡಿ!"

ಗಿರಾಕಿ ಹೋದ. ಅವನ ಹಿಂದೆ ಅವನ ಬೀದಿಯ ಬಟ್ಟೆಯೆಲ್ಲ ಹೋಯಿತು. ಅವತ್ತಿನಿಂದ ಇಬ್ಬರೂ ಮುಖ ನೋಡಲಿಲ್ಲ. ಏನಿದ್ದರೂ ಗೋಡೆಯ ಮೂಲಕ. ಈಕೆ ಪೆಟ್ಟಿಗೆಯನ್ನು ಮೇಜಿಗೆ ಕುಕ್ಕಿದರೆ ಆಚೆ ಅದೇ ಗೋಡೆಗೆ ಹೊಡೆದ ಹಲಗೆಯ ಮೇಲಿನ ಪಾತ್ರೆಗಳು ಗಲಗಲ ಕುಣಿಯುತ್ತಿದ್ದವು.

"ಯಾರ ಸೊಂಟ ಮುರೀತಿದೀರಿ?"

"ನಿಂದೇ ಅಂದ್ಕೊ!"

ಹೀಗೆ ಒಂದು ತರಹದಲ್ಲಿ ಸಂಸಾರ ನಡೆಯುತ್ತಿತ್ತು. ಅಷ್ಟರಲ್ಲಿ ಗೋಡೆ ಹೊಟ್ಟೆ ಬಿಟ್ಟಿತು. ಸಂದುಗಳಿಂದ ಗಾರೆ ಉದುರಿ, ಇಟ್ಟಿಗೆಯ ಕೆಂಪು ಪುಡಿ ಬಿಳಿ ಬಟ್ಟೆಗಳ ಮೇಲೆ ಕೂರತೊಡಗಿತು. ಎರಡೂ ಮನೆಯ ಚಾವಣಿಯ ತೊಲೆಗಳು ಕೂತಿದ್ದು ಇದೇ ಗೋಡೆಯ ಮೇಲೆ. ಇದು ಬಿದ್ದರೆ ಅಂಗಡಿ ಹೋಯಿತು, ಅಂಗಡಿ ಹೋದರೆ ಅನ್ನ ಹೋಯಿತು. ಗಂಡ ಬಸ್ ಕಂಡಕ್ಟರ್, ಅವನ ಸಂಬಳ ಬರುವುದಕ್ಕೂ ಕರಗುವುದಕ್ಕೂ ಒಂದೇ ದಾರಿ.

"ಬಸ್ಸಲ್ಲಿ ನೂರು ಜನರನ್ನ ಹಿಂದೆ ಹೋಗಿ ಹಿಂದೆ ಹೋಗಿ ಅಂತ ದಬ್ತೀಯಲ್ಲ, ನಿನ್ನ ತಂಗಿ ಹತ್ರ ಒಂದು ಮಾತು ಆಡೋಕೆ ಆಗಲ್ವಾ?" ಎಂದಳು.

"ಬಸ್ಸಿಗೆ ಎರಡು ಬಾಗಿಲಿರುತ್ತೆ ಕಣೇ, ತಪ್ಪಿಸ್ಕೊಂಡು ಇಳಿಯೋಕೆ," ಎಂದು ಅವನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ.

ಮೇಸ್ತ್ರಿ ಬಂದ. ಹಲ್ಲಲ್ಲಿ ಕಡ್ಡಿ ಕಚ್ಚಿಕೊಂಡೇ ಗೋಡೆಗೆ ಕಿವಿಯಿಟ್ಟು, ಕರಣೆಯ ಹಿಡಿಯಿಂದ ತಟ್ಟಿ, ಖರ್ಚು ಹೇಳತೊಡಗಿದ. ಇಟ್ಟಿಗೆ, ಮರಳು, ಸಿಮೆಂಟು, ಕೂಲಿ, ಮಣ್ಣು ಹೊರೋ ಗಾಡಿ. ಎಲ್ಲಕ್ಕಿಂತ ದೊಡ್ಡದು ಆನಿಕೆ ಕಂಬ. ಗೋಡೆ ಬಿಚ್ಚಿದಾಗ ತೊಲೆ ಕೆಳಗಿಳಿಯದ ಹಾಗೆ ಹಿಡಿದು ನಿಲ್ಲಿಸುವುದಕ್ಕೆ ಅದು ಎರಡೂ ಕಡೆ ಬೇಕು.

"ಇದು ಜೋಡಿ ಸಾಲಿನ ಗೋಡೆ ಅಕ್ಕ. ನಡುನಡುವೆ ಅಡ್ಡ ಇಟ್ಟಿಗೆ ಇಟ್ಟಿದಾರೆ, ಎರಡು ಸಾಲನ್ನೂ ಹಿಡಿದಿರೋದು ಅದೇ. ಅದರ ಕಾಲು ನಿಮ್ಮ ಕಡೆ, ತಲೆ ಅವರ ಕಡೆ."

"ಅವಳ ಇಟ್ಟಿಗೆ ಕಾಲು ಚಾಚ್ಕೊಂಡು ಬಂದು ನನ್ನ ಮನೇಲಿ ಮಲಗೋದ್ಯಾಕೆ? ಕತ್ತರಿಸಿ ಹಾಕು! ನನ್ನ ಕಡೆ ಸಾಲು ನನ್ನ ದುಡ್ಡು. ಅವಳ ಕಡೆ ಸಾಲು ಹಾಳಾಗಿ ಹೋಗಲಿ."

"ಹಂಗೆ ಕತ್ತರಿಸಿದ್ರೆ..."

"ಮಾಡ್ತೀಯೋ, ಬೇರೆಯವರನ್ನ ಕರೀಲೋ?"

ಮೇಸ್ತ್ರಿ ಕಡ್ಡಿಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿದ. ನೆಟ್ಟಗೆ ಆಚೆ ಮನೆಗೆ ಹೋದ. ಅಲ್ಲಿ ನಾದಿನಿ ಕೂಡ ಅದೇ ಮಾತು ಹೇಳಿದಳು. ಅತ್ತಿಗೆಯ ಇಟ್ಟಿಗೆಯ ತಲೆ ತನ್ನ ಮನೆಯೊಳಗೆ ಇಣುಕಬಾರದಂತೆ. ಎರಡು ಕಡೆ ಕೂಲಿ ಸಿಗುವಾಗ ಬುದ್ಧಿ ಹೇಳುವ ಮೇಸ್ತ್ರಿ ಎಲ್ಲಿದ್ದಾನೆ? ಆನಿಕೆಗೆ ಇದ್ದಬದ್ದ ಬಡಿಗೆ ಸಿಕ್ಕಿಸಿ, ಅಡ್ಡ ಇಟ್ಟಿಗೆಯನ್ನೆಲ್ಲ ನಡುವೆ ಕಚಕ್ಕನೆ ಕಡಿದು, ಈಚೆ ಒಂದು ಸಾಲು, ಆಚೆ ಒಂದು ಸಾಲು ಎಬ್ಬಿಸಿ, ಸುಣ್ಣ ಬಳಿದು ಎರಡೂ ಮನೆಯಿಂದ ದುಡ್ಡು ಎಣಿಸಿಕೊಂಡು ನಡೆದ. ಮದುವೆಯಾಗಿ ಒಟ್ಟಿಗಿದ್ದ ಗೋಡೆಗೆ ಸೋಡಚೀಟಿ ಸಿಕ್ಕಿತು.

ಕೆಂಡದಕ್ಕನಿಗೆ ಹೆಮ್ಮೆಯೋ ಹೆಮ್ಮೆ. ಮಾರನೇ ದಿನ ಪೆಟ್ಟಿಗೆ ಎತ್ತಿ ಮೇಜಿಗೆ ಕುಕ್ಕಿದಳು. ಆಚೆ ಸದ್ದಿಲ್ಲ. ಇನ್ನೊಮ್ಮೆ ಕುಕ್ಕಿದಳು. ಪಾತ್ರೆ ಮಿಸುಕಲಿಲ್ಲ. ಬೈದಳು, ಬೈಗುಳ ಎರಡು ಸಾಲಿನ ನಡುವೆ ಎಲ್ಲೋ ಬಿದ್ದು ಸತ್ತಿತು. ಇಡೀ ದಿನ ಅವಳಿಗೆ ಊಟ ಸೇರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಹೊಸ ಸಾಲು ಹಾಳೆಯ ಹಾಗೆ ಬಾಗತೊಡಗಿತು. ಒಂದು ಬೆಳಿಗ್ಗೆ ಮೇಜು ತಾನಾಗಿಯೇ ಮುಂದೆ ಸರಿದು ನಿಂತಿದೆ. ತೊಲೆಗೂ ಗೋಡೆಗೂ ನಡುವೆ ಕೈ ತೂರುವಷ್ಟು ಸಂದು. ಕೆಂಡದಕ್ಕ ಬಟ್ಟೆಗಂಟುಗಳನ್ನೆಲ್ಲ ಬೀದಿಗೆ ಹೊತ್ತು ಹಾಕಿ, ಅಲ್ಲೇ ಇಸ್ತ್ರಿಗೆ ನಿಂತು ಮೇಸ್ತ್ರಿಯನ್ನು ಕರೆಸಿದಳು.

"ಈಗ ಎರಡೂ ಸಾಲು ಬಿಚ್ಚಬೇಕು. ಮೊದಲು ಹೇಳಿದ್ದಕ್ಕೆ ಇನ್ನೊಂದು ಪಾಲು ಸೇರಿಸ್ಕೊಳ್ಳಿ. ಅವರು ಒಪ್ಪದೆ ನಾನು ಒಂದು ಇಟ್ಟಿಗೇನೂ ಮುಟ್ಟಲ್ಲ," ಎಂದ ಮೇಸ್ತ್ರಿ.

ಕೆಂಡದಕ್ಕ ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಡುವುದನ್ನೂ ಮರೆತು ನಾದಿನಿಯ ಬಾಗಿಲಿಗೆ ಹೋದಳು, ಹಿಂದೆಯೇ ಮೇಸ್ತ್ರಿ. ನಾದಿನಿ ದಬ್ಬಣ ಹಿಡಿದುಕೊಂಡೇ ಎದ್ದಳು. ನೋಡಿದವರು ಕೊಲೆಯೇ ಆಗುತ್ತದೆ ಅಂದುಕೊಳ್ಳಬೇಕು.

"ಏನು ಅತ್ತಿಗೆ, ನನ್ನನ್ನೂ ಸುಟ್ಟು ಒಳಗೆ ಹಾಕಿ ಮಡಚೋಕೆ ಬಂದ್ರಾ?"

"ನಿನ್ನನ್ನ ಮಡಚೋಕೆ ನನ್ನ ಮೇಜು ಸಾಲಲ್ಲ. ಗೋಡೆ ಬೀಳ್ತಿದೆ. ನಿನ್ನ ಇಟ್ಟಿಗೆ ನನ್ನ ಮನೇಲಿ ಕಾಲು ಚಾಚಲಿ, ಹಾಳಾಗಲಿ. ಖರ್ಚು ಒಂದೇ, ಇಬ್ಬರಿಗೂ ಸಮ."

ನಾದಿನಿ ತೊಲೆಯ ಕಡೆ ಕಣ್ಣು ಹಾಯಿಸಿದಳು. ಅವಳ ಕಡೆಯ ಸಂದಿನಿಂದಲೂ ಪುಡಿ ಉದುರಿ ಹೊಸ ಹಾಸಿಗೆಯೊಂದರ ಮೇಲೆ ಬಿದ್ದಿತ್ತು.

"ಸಮ ಯಾಕೆ? ಇವನು ಎರಡು ಕಡೆ ತಿಂದಿದಾನಲ್ಲ, ಇವನ ಪಾಲೆಲ್ಲಿ?" ದಬ್ಬಣ ಮೇಸ್ತ್ರಿಯ ಕಡೆ ತಿರುಗಿತು.

"ಅದೇ ನಾನೂ ಹೇಳೋಕೆ ಬಂದಿದ್ದು," ಎಂದಳು ಕೆಂಡದಕ್ಕ. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. "ಕತ್ತರಿಸಬಾರದು ಅಂತ ಗೊತ್ತಿದ್ದೂ ಕತ್ತರಿಸ್ದೆ. ಈ ಸಲ ನಿಂಗೆ ಅರ್ಧ ಕೂಲಿ. ಅರ್ಧ ಇಟ್ಟಿಗೆ ಇಟ್ಟೋನಿಗೆ ಅರ್ಧ ಕೂಲಿ!"

"ನೀವೇ ಅಲ್ವಾ ಹೇಳಿದ್ದು..."

"ನಾವು ಜಗಳಗಂಟಿಯರು, ಹೇಳ್ತೀವಿ. ನೀನು ಮೇಸ್ತ್ರಿ ಅಲ್ವಾ?" ಎಂದಳು ನಾದಿನಿ.

ಮುಂದೆ ಕಾಯಿಸಿದ ಕಬ್ಬಿಣ, ಹಿಂದೆ ದಬ್ಬಣ. ಮೇಸ್ತ್ರಿಯ ಬಾಯಿಂದ ಕಡ್ಡಿ ಬಿತ್ತು.

ಈ ಸಲ ಸರಿಯಾದ ಕಂಬಗಳು ನಿಂತವು. ಗೋಡೆ ಬಿಚ್ಚಿ ಹಾಕಿದಾಗ ಎರಡು ಮನೆ ಒಂದೇ ಆಗಿ, ಕೆಲಸ ಮುಗಿಯುವ ತನಕ ಅತ್ತಿಗೆ ನಾದಿನಿ ಎದುರುಬದುರು ಕೂತು ಹಲ್ಲು ಕಡಿದರು. ಒಬ್ಬಳು ಸಾರಿಗೆ ಉಪ್ಪು ಹಾಕಿದರೆ ಇನ್ನೊಬ್ಬಳು ಮೂಗು ಮುರಿದಳು. ಅಡ್ಡ ಇಟ್ಟಿಗೆಗಳು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಕಾಲು ಇಲ್ಲಿ, ತಲೆ ಅಲ್ಲಿ ಹಾಕಿ ಮಲಗಿದವು.

ಗಾರೆ ಒಣಗಿದ ಮೇಲೆ ಮೇಸ್ತ್ರಿ ಬಾಕಿ ಕೇಳಲು ಬಂದ. ಗಂಡನೂ ಅವತ್ತು ಮನೆಯಲ್ಲಿದ್ದ. "ಕೊಟ್ಟು ಕಳಿಸೇ," ಎಂದ.

"ತಡಿ, ಗೋಡೆ ನೋಡದೆ ದುಡ್ಡು ಕೊಡ್ತಾರಾ?"

ಮೇಜನ್ನು ಗೋಡೆಗೆ ಆನಿಸಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಉಸಿರು ಕಟ್ಟಿ ಕುಕ್ಕಿದಳು. ಮೂವರೂ ಕಿವಿ ನಿಮಿರಿಸಿದರು.

ಆಚೆ ಪಾತ್ರೆಗಳು ಗಲಗಲ ಕುಣಿದವು.

"ಯಾರ ಸೊಂಟ ಮುರೀತಿದೀರಿ?"

"ನಿಂದೇ ಕಣೇ, ಮತ್ಯಾರದ್ದು!" ಎಂದು ಕಿರುಚಿ, ಕೆಂಡದಕ್ಕ ಸೆರಗಿನ ಗಂಟು ಬಿಚ್ಚಿ ಮೇಸ್ತ್ರಿಯ ಅರ್ಧ ಕೂಲಿಯನ್ನು ಮೇಜಿನ ಮೇಲೆ ಎಸೆದಳು.