ಕ್ರಷರ್ ಹಲಗೆಯ ಮೇಲೆ ಉಸ್ತಾದರು

ಮೊನ್ನೆ ವಾಡಿಯಿಂದ ಚಿತ್ತಾಪುರದ ಕಡೆ ಹೋಗುವಾಗ ಡೀಸೆಲ್ ಹೊಗೆಯೂ ಕಲ್ಲಿನ ಪುಡಿಯೂ ಬೆರೆತ ವಾಸನೆ ಜೀಪಿನೊಳಗೆ ನುಗ್ಗಿತು. ಹತ್ತಿರದಲ್ಲೆಲ್ಲೋ ಕ್ರಷರ್ ನಡೆದಿತ್ತು. ನಮ್ಮ ತಾಲೀಮಿನ ಉಸ್ತಾದರು ನೆನಪಾದರು…

ಹಗಲೆಲ್ಲ ಕ್ರಷರಿನಲ್ಲಿ ದುಡಿದು ಸಂಜೆ ನಮಗೆ ಕುಸ್ತಿ ಕಲಿಸುತ್ತಿದ್ದವರು ಅವರು. ಎರಡು ಸಾವಿರದ ಇಸವಿ ಆಚೀಚೆಯ ಮಾತು. ನಾನು ಪೊಲೀಸ್ ಭರ್ತಿಗೆ ತಯಾರಾಗುತ್ತಿದ್ದೆ. ವಯಸ್ಸು ಮೀರುತ್ತಿತ್ತು, ಅದೇ ಕಡೆಯ ಅವಕಾಶ. ಹೆಗಲ ಮೇಲೆ ಒಬ್ಬನನ್ನು ಕೂರಿಸಿಕೊಂಡು ಬೈಠಕ್ ಹೊಡೆಯುವಷ್ಟು ಬಲ ತೊಡೆಯಲ್ಲಿತ್ತು. ಉದ್ದ ಜಿಗಿತದಲ್ಲಿ ಮಾತ್ರ ಗೆರೆ ಮುಟ್ಟುತ್ತಿರಲಿಲ್ಲ. ಹಿಂದಿನ ಸಲ ಅದರಲ್ಲೇ ಹೊರಬಿದ್ದಿದ್ದೆ.

“ಬಲ ಅದ, ಚುರುಕ ಇಲ್ಲ. ಎಮ್ಮಿಗೂ ಬಲ ಇರ್ತದ, ಜಿಗಿತದೇನು?” ಎಂದರು ಉಸ್ತಾದರು.

ಕ್ರಷರಿನಲ್ಲಿ ಜಲ್ಲಿ ಸೋಸುವ ದೊಡ್ಡ ಜರಡಿ ಸದಾ ಗಡಗಡ ನಡುಗುತ್ತದೆ. ಅದಕ್ಕೆ ಹೊಂದಿಕೊಂಡ ಹಲಗೆಯ ಮೇಲೆ ವರ್ಷಗಟ್ಟಲೆ ನಿಂತು ನಿಂತೇ ತಮ್ಮ ಕಾಲು ಚುರುಕಾದವೆಂದು ಅವರ ನಂಬಿಕೆ. ದಿನಾ ಬೆಳಿಗ್ಗೆ ನಾನು ಮೊಣಕಾಲು ಅರ್ಧ ಬಗ್ಗಿಸಿ ಅಲ್ಲಿ ನಿಲ್ಲಬೇಕು, ಇಳಿದ ಕೂಡಲೇ ಜಿಗಿಯಬೇಕು. ಪಕ್ಕದಲ್ಲಿ ಅವರೂ ಹಾಗೇ ಬಗ್ಗಿ ನಿಲ್ಲುತ್ತಿದ್ದರು. ಹಲ್ಲು ಕಟಕಟ ಎನ್ನುತ್ತಿದ್ದವು, ಮಾತಾಡಿದರೆ ಮೇಕೆಯ ದನಿ. ಗುರುವಿಗೂ ಶಿಷ್ಯನಿಗೂ ಒಮ್ಮೆಲೇ ಚಳಿಜ್ವರ ಬಂದಿದೆಯೆಂದು ಹಮಾಲರು ಆಡಿಕೊಳ್ಳುತ್ತಿದ್ದರು.

ಭರ್ತಿಯ ದಿನ ಮೈದಾನದ ಹೊರಗೆ ಒಂದು ಟಂಟಂ ಆಟೋ ನಿಲ್ಲಿಸಿ, ಇಂಜಿನ್ ಚಾಲೂ ಇಡಿಸಿ, ಗಡಗಡ ನಡುಗುವ ಹಿಂಬದಿಯ ಪಟ್ಟಿಯ ಮೇಲೆ ನನ್ನನ್ನು ಹತ್ತಿಸಿದರು. ತಾವೂ ಹತ್ತಿದರು. ಡ್ರೈವರ್ ಹೊರಳಿ ನೋಡಿ, “ಕಾಕಾ, ಗಾಡಿ ಇನ್ನಾ ಹೊಂಟಿಲ್ಲ, ಆರಾಮ ಕುಂದ್ರಿ,” ಎಂದ. ಬಗ್ಗಿದವರು ಏಳಲಿಲ್ಲ.

ಆ ದಿನ ಗೆರೆ ದಾಟಿದೆ. ನಡುಕದ ಫಲವೋ, ದಿನಾ ಜಿಗಿದದ್ದರ ಫಲವೋ, ಹೇಳಲಾರೆ.

ನೌಕರಿ ಸೇರಿ ಮೊದಲ ರಜೆಗೆ ಬಂದಾಗ ಅವರು ಹಾಸಿಗೆ ಹಿಡಿದಿದ್ದರು. ಹಲಗೆಯ ನಡುಕದಿಂದಲೇ ಸೊಂಟ ಸವೆದಿದೆ, ಇನ್ನು ಹತ್ತಬೇಡಿ ಎಂದು ನನ್ನ ತಯಾರಿಗೂ ಮೊದಲೇ ಡಾಕ್ಟರು ಹೇಳಿದ್ದರಂತೆ. ಅವರು ಕ್ರಷರಿನ ಗೇಟು ಕಾಯುವ ಕೆಲಸಕ್ಕೆ ಬದಲಾದದ್ದೂ ಅದಕ್ಕೇ ಅಂತೆ. ಇದೆಲ್ಲ ಅವರ ಹೆಂಡತಿ, ನಮ್ಮ ಕಾಕು, ಹೇಳಿ ನನಗೆ ಗೊತ್ತಾದದ್ದು. ಮತ್ತೆ ಹಲಗೆ ಹತ್ತಿದ್ದು ನನ್ನ ಸಲುವಾಗಿ.

“ಮತ್ತ ನೀವ್ಯಾಕ ನಿಂತ್ರಿ, ಉಸ್ತಾದ್ರ?” ಎಂದೆ.

“ನೀ ಒಬ್ಬಾಂವನೇ ನಿಂತಿದ್ರ ಮಂದಿ ಭಾಳ ನಗ್ತಿದ್ರು. ನೀ ನಾಚಿ ಬಿಟ್ಟಬಿಡ್ತಿದ್ದಿ.”

ಈಗ ಅವರಿಲ್ಲ. ತೀರಿಕೊಂಡ ಸುದ್ದಿ ಬಂದಾಗ ನಾನು ಬಂದೋಬಸ್ತಿನಲ್ಲಿದ್ದೆ… ಮಣ್ಣಿಗೆ ಹೋಗಲು ರಜೆ ಸಿಗಲಿಲ್ಲ.