ಕಾರಿನ ಮುಖಕ್ಕೆ ಕಟ್ಟಿದ ಹಾರ

ನಿಮ್ಮ ತಾತ ತೀರಿಕೊಂಡ ವರ್ಷ ನಾನು ಚಾಮರಾಜಪೇಟೆಯ ನಿಮ್ಮ ಮನೆಗೆ ಬಂದೆ. ನಿಮ್ಮಲ್ಲಿ ದೊಡ್ಡವಳು ಆಗ ಅಮ್ಮನ ಹೊಟ್ಟೆಯಲ್ಲಿ ಏಳು ತಿಂಗಳು. ಹಸಿವು, ನಿದ್ದೆ ಯಾವುದೂ ನನಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಹೇಳಿದ ಕೆಲಸ ಮಾಡುತ್ತಿದ್ದೆ.

ನಿಮ್ಮ ಅಪ್ಪ ಹೊರದೇಶದ ಹಳೆಯ ಕಾರೊಂದನ್ನು ಕೊಂಡಿದ್ದರು. ಒಂದು ಗುಂಡಿ ಒತ್ತಿ ವೇಗ ಗೊತ್ತುಮಾಡಿದರೆ ಅದು ಅದೇ ವೇಗದಲ್ಲಿ ಹೋಗುತ್ತಿತ್ತು.

"ಮುಂದಿನ ಗಾಡಿ ನಿಧಾನ ಆದ್ರೆ ಇದೂ ತಾನೇ ನಿಧಾನ ಆಗುತ್ತೆ ಅತ್ತೆ. ನಾನು ಕಾಲು ಎತ್ಕೊಂಡು ಕೂತ್ಕೋಬಹುದು" ಎಂದರು.

"ಅದಕ್ಕೆ ಕಾರು ಯಾಕ್ರೀ, ಮಂಚ ಸಾಕಿತ್ತಲ್ಲ" ಎಂದಳು ನಿಮ್ಮ ಅಮ್ಮ.

ನಾನು ನಗಲಿಲ್ಲ. ನಮ್ಮ ಹಳ್ಳಿಯಲ್ಲಿ ಅತ್ತೆಯಾದವಳು ಅಳಿಯನೊಂದಿಗೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಏನಿದ್ದರೂ ಮಗಳ ಮೂಲಕ ಹೇಳಿಸುತ್ತಿದ್ದೆ.

ಆಯುಧಪೂಜೆಗೆ ಸೇವಂತಿಗೆ ಹಾರ ಕಟ್ಟಿಕೊಟ್ಟು ಒಳಗೇ ಉಳಿದೆ. ಕಾರಿನ ಮುಂದಿನ ಜಾಲರಿಯ ನಡುವೆ ಅಂಗೈಯಗಲದ ಕಪ್ಪು ಫಲಕವಿತ್ತು. ಬೊಟ್ಟಿಡಲು ಹೇಳಿ ಮಾಡಿಸಿದ ಜಾಗದಂತೆ ಕಂಡಿರಬೇಕು, ನಿಮ್ಮ ಅಮ್ಮ ಅದಕ್ಕೇ ಗಂಧ ಬಳಿದು ಕುಂಕುಮ ಹಚ್ಚಿದಳು. ನಿಮ್ಮ ಅಪ್ಪ ಹಾರವನ್ನೂ ಅದರ ಮೇಲೆಯೇ ಬಿಗಿದರು. ಮುಂದಿನ ಗಾಡಿ ಎಷ್ಟು ದೂರದಲ್ಲಿದೆಯೆಂದು ಕಾರು ನೋಡುತ್ತಿದ್ದುದು ಆ ಫಲಕದ ಹಿಂದಿನಿಂದ.

ಎರಡು ದಿನ ಕಳೆದು, ಬೆಳಿಗ್ಗೆ, ಮನೆದೇವರಿಗೆಂದು ಮೈಸೂರು ರಸ್ತೆ ಹಿಡಿದೆವು. ಹಾರ ಹಾಗೆಯೇ ಇತ್ತು. ನಾನೂ ಮಗಳೂ ಹಿಂದೆ ಕೂತಿದ್ದೆವು. ಊರು ದಾಟಿದ ಮೇಲೆ ನಿಮ್ಮ ಅಪ್ಪ ಗುಂಡಿ ಒತ್ತಿದರು, ಕಾಲು ಮಡಚಿಕೊಂಡರು. ಮಗಳು ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು.

ಮುಂದೆ ಕಬ್ಬಿನ ಲಾರಿಯೊಂದು ತೆವಳುತ್ತಿತ್ತು. ಅದು ದೊಡ್ಡದಾಗುತ್ತಾ ಬಂತು. ಯಾರದೋ ಮನೆಯ ಟಿವಿಯನ್ನು ಕಿಟಕಿಯಿಂದ ನೋಡುವಂತೆ ನೋಡುತ್ತಿದ್ದೆ. ನಿಮ್ಮ ಅಪ್ಪನೂ ನೋಡುತ್ತಲೇ ಇದ್ದರು, ಕಾರು ತಾನೇ ನಿಧಾನಿಸುತ್ತದೆಂದು. ಅದು ನಿಧಾನಿಸಲಿಲ್ಲ. ಹೇಳಿಸೋಣವೆಂದರೆ ಮಗಳು ನಿದ್ದೆಯಲ್ಲಿದ್ದಳು. ಅವಳ ಹೊಟ್ಟೆಗೆ ಕೈ ಅಡ್ಡ ಹಿಡಿದೆ.

"ಬ್ರೇಕ್ ಹಾಕಿ!" ಎಂದೆ. ಅದು ನನ್ನ ದನಿಯೆಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು.

ಕಾರು ನಿಂತಾಗ ಕಬ್ಬಿನ ಗರಿಗಳು ಮುಂದಿನ ಗಾಜನ್ನು ಸವರುತ್ತಿದ್ದವು.

"ಏನಾಯ್ತಮ್ಮ?"

"ಏನಿಲ್ಲ, ಮಲಗು."

ನಿಮ್ಮ ಅಪ್ಪ ಕಾರನ್ನು ಬದಿಗೆ ತಂದು ಇಳಿದರು. ಹಾರ ಬಿಚ್ಚಿದರು, ಒದ್ದೆ ಬಟ್ಟೆಯಿಂದ ಕುಂಕುಮ ಒರೆಸಿದರು. ನಾನೂ ಇಳಿದೆ.

"ಹಾರ ಕಟ್ಟಿದ್ದು ನಾನು" ಎಂದೆ. ಗಂಡ ಸತ್ತವಳ ಕೈಯ ಹಾರ ಎಂದು ಅನ್ನುತ್ತಾರೇನೋ ಎಂದು ಕಾದೆ.

"ಕಟ್ಟಿದ್ದು ನೀವು, ಅಲ್ಲಿ ಹಾಕಿದ್ದು ನಾನು. ಇದ್ರ ಮುಂದೆ ಏನೂ ಅಡ್ಡ ಇರ್ಬಾರ್ದು ಅಂತ ಕಾರಿನ ಪುಸ್ತಕದಲ್ಲೇ ಬರ್ದಿದೆ. ನಾನು ಓದಿರ್ಲಿಲ್ಲ. ಅಡ್ಡ ಇಲ್ದಿದ್ರೂ ಕಾಲು ಬ್ರೇಕ್ ಹತ್ರ ಇರ್ಬೇಕಿತ್ತು" ಎಂದರು.

ಆಮೇಲೆ ಮುಂದಿನ ಬಾಗಿಲು ತೆಗೆದು, "ನೀವು ಇಲ್ಲಿ ಕೂತ್ಕೊಳ್ಳಿ ಅತ್ತೆ. ಏನಾದ್ರೂ ಕಂಡ್ರೆ ನನಗೇ ಹೇಳಿ" ಎಂದರು.

ಕೂತೆ. ದೇವಸ್ಥಾನದವರೆಗೂ ಅವರು ಗುಂಡಿ ಮುಟ್ಟಲಿಲ್ಲ. ನಾನು ರಸ್ತೆ ನೋಡುತ್ತಿದ್ದೆ, ನಡುನಡುವೆ ಅವರ ಕಾಲು ನೋಡುತ್ತಿದ್ದೆ. ಬಿಚ್ಚಿದ ಹಾರ ನನ್ನ ಮಡಿಲಲ್ಲಿತ್ತು. ಅಳು ಬರಬಹುದೆಂದುಕೊಂಡೆ. ಬರಲಿಲ್ಲ. ಒಂದು ತಿರುವಿನಲ್ಲಿ ಎತ್ತಿನ ಗಾಡಿ ಕಂಡಿತು.

"ಗಾಡಿ ಇದೆ, ನಿಧಾನ" ಎಂದೆ.

"ಹೂಂ ಅತ್ತೆ" ಎಂದರು.